ಅಮ್ಮ ತಿನ್ನದ ಮೊಟ್ಟೆಗಳು

ನಾನು ಜೀವನದಲ್ಲಿ ಬರೆದ ಮೊದಲ ಕಟ್ಟುಕತೆ ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿತ್ತು. ಅದರಲ್ಲಿ ನನ್ನ ಅಮ್ಮ ದಿನಾ ಎರಡು ಮೊಟ್ಟೆ ತಿನ್ನುತ್ತಾಳೆ, ಒಂದು ಲೋಟ ಹಾಲು ಕುಡಿಯುತ್ತಾಳೆ, ಮಧ್ಯಾಹ್ನ ಮೀನು ತಿನ್ನುತ್ತಾಳೆ. ಓದಿದವರು ಒಬ್ಬರೇ, ಅಮ್ಮನ ಆಪರೇಶನ್ ಮಾಡಿದ ಡಾಕ್ಟರು. ಅವರು ಅದನ್ನು ಪೂರ್ತಿ ನಂಬಿದರು. ಬರೆಯುವವರಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇಲ್ಲ ಎಂದು ಹೇಳುತ್ತಾರೆ. ನನಗೆ ಮಾತ್ರ ಆ ಓದುಗರ ನಂಬಿಕೆಯಿಂದ ಅಮ್ಮನೇ ಕೈತಪ್ಪಿ ಹೋಗುವ ಹಾಗಾಗಿತ್ತು.

ಎಂಬತ್ತರ ದಶಕದ ಮಧ್ಯದ ಮಾತು. ನಮ್ಮ ಮನೆ ವಾಮಂಜೂರಿನಲ್ಲಿ, ಗದ್ದೆ ಮುಗಿದು ರಸ್ತೆ ಶುರುವಾಗುವಲ್ಲಿ. ಅಪ್ಪ ಗಲ್ಫಿನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ಸೆಂಟಿನ ಪರಿಮಳದ ಜೊತೆ ಬರುತ್ತಿದ್ದರು. ಮನೆಯಲ್ಲಿದ್ದದ್ದು ಮೂವರು ಹೆಂಗಸರು: ಅಮ್ಮ, ಅಮ್ಮನ ಅಕ್ಕ ಅಂದರೆ ನನ್ನ ದೊಡ್ಡಮ್ಮ, ಮತ್ತು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ ನಾನು. ದೊಡ್ಡಮ್ಮ ಅಮ್ಮನಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು, ಗಂಡ ತೀರಿಹೋದ ಮೇಲೆ ನಮ್ಮ ಜೊತೆಗೇ ಇದ್ದವರು. ಆ ಮನೆಯಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆಯಲಿಕ್ಕೂ ಅವರ ಒಪ್ಪಿಗೆ ಬೇಕಿತ್ತು.

ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಮ್ಮನ ಮಾತಿನ ಅರ್ಧ ಖಾರ ಸೋರಿಹೋಗಿದೆ. ಉಳಿದರ್ಧವೇ ನಿಮಗೆ ಹೆಚ್ಚಾದೀತು.

ಅಮ್ಮನಿಗೆ ಆಗ ನಲವತ್ತೆರಡು. ಎಡಗಡೆಯ ಎದೆಯಲ್ಲಿ ಗಂಟು. ಕಂಕನಾಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ಎದೆಯನ್ನೇ ತೆಗೆದರು. ಮನೆಗೆ ಬಂದ ಮೇಲೆ ಹಾರ್ಲಿಕ್ಸ್ ಬಾಟಲಿ, ಕಿತ್ತಳೆ ಹಣ್ಣು ಹಿಡಿದುಕೊಂಡು ಜನ ಬರತೊಡಗಿದರು. ಬಂದವರೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಾತಾಡುತ್ತಿದ್ದರು, ನಡುನಡುವೆ ಕಣ್ಣು ಮಾತ್ರ ಅಮ್ಮನ ಸೆರಗಿನ ಮೇಲೆ ಒಮ್ಮೆ ಹಾದು ಪುನಃ ಕ್ಯಾಲೆಂಡರಿಗೆ ಹೋಗುತ್ತಿತ್ತು. ಹಿಂದಿನ ಮನೆಯ ಹೆಂಗಸಿಗೆ ಒಮ್ಮೆ ಅಮ್ಮ ಹೇಳಿಯೇಬಿಟ್ಟಳು:

"ಎಡಗಡೆ. ಸರಿಯಾಗಿ ನೋಡಿಕೊಳ್ಳಿ ಮಾರಾಯ್ರೆ. ಮತ್ತೆ ಊರಿಡೀ ಬಲಗಡೆ ಅಂತ ತಪ್ಪು ಹೇಳ್ಬೇಡಿ."

ಆ ಹೆಂಗಸು ಚಾ ಅರ್ಧಕ್ಕೇ ಬಿಟ್ಟು ಎದ್ದರು.

"ನಾಲಗೆಯನ್ನೂ ಕತ್ತರಿಸ್ಲಿಕ್ಕೆ ಹೇಳ್ಬೇಕಿತ್ತು ಡಾಕ್ಟ್ರಿಗೆ," ಎಂದರು ದೊಡ್ಡಮ್ಮ.

"ಅದಕ್ಕೆ ಬೇರೆ ಚಾರ್ಜ್ ಉಂಟಂತೆ."

ಮುಂದಿನ ರೇಡಿಯೇಶನ್ ಚಿಕಿತ್ಸೆಗೆ ನಮ್ಮಲ್ಲಿ ಎಲ್ಲರೂ 'ಕರೆಂಟು ಕೊಡುವುದು' ಎನ್ನುತ್ತಿದ್ದರು. ಅದರ ಮಿಷನ್ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಇತ್ತು. ಐದಾರು ವಾರ ಅಲ್ಲೇ ಉಳಿದು ದಿನಾ ಹಾಕಿಸಿಕೊಳ್ಳಬೇಕು. ಅಲ್ಲಿ ಸೇರಿಸಿಕೊಳ್ಳಲು ನಮ್ಮ ಡಾಕ್ಟರು ಪತ್ರ ಬರೆದು ಕೊಡಬೇಕು. ಅವರು ಪತ್ರ ಬರೆಯಬೇಕಾದರೆ ಅಮ್ಮನಿಗೆ ಮೈಯಲ್ಲಿ ಕಸು ಬರಬೇಕು. ಡಿಸ್ಚಾರ್ಜಿನ ದಿನ ಅಮ್ಮನ ತೂಕ ನಲವತ್ತಾರು ಕಿಲೋ. ಡಾಕ್ಟರು ಘಟ್ಟದ ಮೇಲಿನವರು, ಮೆತ್ತಗಿನ ಮಾತು. ನನ್ನನ್ನು ಕರೆದು, "ನೀನು ಓದಿದ ಹುಡುಗಿ. ಅಮ್ಮ ದಿನಾ ಏನು ತಿಂತಾರೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಮ್ಮ. ಮೊಟ್ಟೆ, ಮೀನು, ಹಾಲು ಚೆನ್ನಾಗಿ ಕೊಡಿ. ಗಾಯ ಒಣಗಿದ ಮೇಲೆ ತಡ ಮಾಡೋ ಹಾಗಿಲ್ಲ," ಎಂದರು. ನಾನು ತಲೆಯಾಡಿಸಿದೆ. ನನ್ನ ಪಕ್ಕದಲ್ಲಿ ದೊಡ್ಡಮ್ಮನೂ ತಲೆಯಾಡಿಸಿದರು.

ಬಸ್ಸು ಹತ್ತಿದ ಕೂಡಲೇ ದೊಡ್ಡಮ್ಮ ಹೇಳಿದ ಮೊದಲ ಮಾತು: "ಹಸಿ ಗಾಯಕ್ಕೆ ಮೀನಂತೆ! ತಲೆ ಸಮ ಉಂಟಾ ಅವನಿಗೆ?"

ನಮ್ಮ ಕಡೆಯವರಿಗೆ ನಂಜಿನ ವಿಷಯ ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಗಾಯವನ್ನು ಕೀವು ಮಾಡುವ, ಒಣಗಲು ಬಿಡದ ಗುಣಕ್ಕೆ ನಂಜು ಎನ್ನುತ್ತಾರೆ. ಬಂಗುಡೆ ನಂಜು, ಬೂತಾಯಿ ನಂಜು, ಕೋಳಿ ನಂಜು, ಮೊಟ್ಟೆ ನಂಜು, ಬದನೆ ನಂಜು, ಕುಂಬಳಕಾಯಿ ನಂಜು. ಒಟ್ಟಿನಲ್ಲಿ ನಾಲಗೆಗೆ ಯಾವುದು ರುಚಿಯೋ ಅದೆಲ್ಲ ನಂಜು. ಉಳಿಯುವುದು ಕುಚ್ಚಲಕ್ಕಿ ಗಂಜಿ, ತಿಮರೆ ಸೊಪ್ಪಿನ ಚಟ್ನಿ ಮತ್ತು ಬೇಯಿಸಿದ ಸೋರೆಕಾಯಿ. ಕಾಲಿಗೆ ಮುಳ್ಳು ಚುಚ್ಚಿದರೂ ವಾರಕಾಲ ಈ ಪಥ್ಯ. ಇಲ್ಲಿ ಎದೆಯನ್ನೇ ಕೊಯ್ದಿದ್ದಾರೆ. ಎಷ್ಟು ದಿನ ಎಂದು ನಾನು ಕೇಳಿದೆ.

"ಮೂರು ತಿಂಗಳು. ಮತ್ತೆ ನೋಡುವ."

ಹಾಲು ಕೂಡ ಕಫ ಕಟ್ಟುತ್ತದೆ ಎಂದು ಚಾದೊಳಗೆ ಮಾತ್ರ ಸೇರಿತು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕೂಗು ಹಾಕುತ್ತಿದ್ದ ಮೀನಿನ ಹೆಂಗಸನ್ನು ದೊಡ್ಡಮ್ಮ ಅಂಗಳಕ್ಕೂ ಬಿಡಲಿಲ್ಲ. ವಾಸನೆಯೂ ನಂಜಂತೆ.

ಮೊದಲ ದಿನ ಸಂಜೆ ನೋಟ್‌ಬುಕ್ ತೆರೆದು ನಾನು ಪ್ರಾಮಾಣಿಕವಾಗಿ 'ಗಂಜಿ' ಎಂದು ಬರೆದೆ. ದೊಡ್ಡಮ್ಮ ಪಕ್ಕದಲ್ಲೇ ತೆಂಗಿನಗರಿಯಿಂದ ಕಡ್ಡಿ ಸೀಳುತ್ತಾ ಕೂತಿದ್ದರು.

"ಎಂತ ಬರೆದದ್ದು?"

"ಗಂಜಿ."

"ಅವನು ನೋಡಿದ್ರೆ ಬೈತಾನೆ. ಎರಡು ಮೊಟ್ಟೆ ಬರಿ."

"ತಿಂದಿಲ್ಲ ಅಲ್ವಾ ದೊಡ್ಡಮ್ಮ?"

"ತಿಂದ್ರೆ ನಂಜಾಗ್ತದೆ. ಬರೆದ್ರೆ ನಂಜಾಗ್ತದಾ?"

ಬರೆದೆ.

ಮೊದಲ ಎರಡು ದಿನ ಎರಡು ಮೊಟ್ಟೆ, ಬಂಗುಡೆ ಎಂದಷ್ಟೇ ಬರೆದೆ. ಮೂರನೇ ದಿನದಿಂದ ಮಜಾ ಬರತೊಡಗಿತು. ದಿನಾ ಬಂಗುಡೆ ಎಂದರೆ ಸಂಶಯ ಬರುತ್ತದೆ ಎಂದು ಒಂದು ದಿನ ಅಂಜಲ್, ಒಂದು ದಿನ ಕಾಣೆ ಬರೆದೆ. ಹಿಂದಿನ ದಿನ ಕೋಳಿಸಾರು ಜಾಸ್ತಿಯಾಗಿ ಹೊಟ್ಟೆ ಭಾರವಾದ್ದರಿಂದ ಮರುದಿನ ಒಂದೇ ಮೊಟ್ಟೆ ತಿಂದರು ಎಂದೂ ಬರೆದೆ. ಸೋಮವಾರ ಮಾತ್ರ ಮೀನು ಬರೆಯುತ್ತಿರಲಿಲ್ಲ. ನಮ್ಮಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ, ಸುಳ್ಳಿಗೂ ಒಂದು ಮಡಿ ಬೇಕಲ್ಲ.

ಅಮ್ಮನಿಗೆ ಎಲ್ಲವೂ ಗೊತ್ತಿತ್ತು. ಗಂಜಿಯ ಬಟ್ಟಲು ಮುಂದಿಟ್ಟುಕೊಂಡು, "ಇವತ್ತು ನಾನು ಎಂತ ತಿಂದೆ, ಓದು ನೋಡುವ," ಎನ್ನುತ್ತಿದ್ದಳು. ನಾನು "ಕಾಣೆ ಫ್ರೈ" ಎಂದು ಓದಿದರೆ ಗಂಜಿ ಸುರಿಯುತ್ತಾ, "ಸ್ವಲ್ಪ ಉಪ್ಪು ಜಾಸ್ತಿಯಾಗಿದೆ," ಎನ್ನುತ್ತಿದ್ದಳು. ಅವಳಿಗೆ ಹಸಿವೆಯೇ ಇರಲಿಲ್ಲ. ಮೊದಲ ವಾರಗಳಲ್ಲಿ ಅಕ್ಕನ ಜೊತೆ ಜಗಳಕ್ಕೆ ಬೇಕಾದ ಕಸುವೂ ಇರಲಿಲ್ಲ. ಜೊತೆಗೆ, ನಂಜನ್ನು ನಂಬದ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ನಾಲಗೆ ಎಷ್ಟು ಉದ್ದವಿದ್ದರೂ ಅಮ್ಮನಿಗೂ ಇರಲಿಲ್ಲ.

ಹತ್ತು ದಿನಕ್ಕೊಮ್ಮೆ ಡಾಕ್ಟರಲ್ಲಿಗೆ ಹೋಗುತ್ತಿದ್ದೆವು. ಮೊದಲ ಸಲ ತೂಕ ನಲವತ್ತನಾಲ್ಕು. ಆಪರೇಶನ್ ಆದ ಮೇಲೆ ಇದೆಲ್ಲ ಇದ್ದದ್ದೇ ಎಂದರು. ನನ್ನ ನೋಟ್‌ಬುಕ್ ಓದಿ, "ಎಷ್ಟು ನೀಟಾಗಿ ಬರೆದಿದ್ದೀಯಮ್ಮ!" ಎಂದರು. ನನಗೆ ಖುಷಿಯಾದದ್ದು ನಿಜ, ನಾಚಿಕೆಗೇಡಿನ ಮಾತಾದರೂ ಹೇಳುತ್ತೇನೆ. ಎರಡನೇ ಸಲ ನಲವತ್ತೆರಡು. ಡಾಕ್ಟರು ಮಾತು ಕಮ್ಮಿ ಮಾಡಿದರು. ಮೂರನೇ ಸಲ ತಕ್ಕಡಿಯ ಮುಳ್ಳು ನಲವತ್ತರಲ್ಲಿ ನಿಂತಿತು.

ಆ ದಿನ ಅವರು ಅಮ್ಮನನ್ನು ಮಲಗಿಸಿ ಹೊಟ್ಟೆಯ ಬಲಭಾಗವನ್ನು ಒತ್ತಿ ಒತ್ತಿ ನೋಡಿದರು. ಅಮ್ಮ, "ಡಾಕ್ಟ್ರೇ, ಇನ್ನು ಎಂತದ್ದೂ ತೆಗೀಲಿಕ್ಕಿಲ್ಲ, ಅಂಗಡಿ ಖಾಲಿ," ಎಂದಳು. ಅವರು ನಗಲಿಲ್ಲ. ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ನೋಡಮ್ಮ, ನೀವು ಇಷ್ಟು ಚೆನ್ನಾಗಿ ನೋಡ್ಕೋತಿದ್ದೀರ. ದಿನಾ ಎರಡು ಮೊಟ್ಟೆ, ಮೀನು, ಹಾಲು. ನಾನು ಕೂಡ ಇಷ್ಟು ತಿನ್ನಲ್ಲ. ಆದರೂ ಆರು ಕಿಲೋ ಇಳಿದಿದ್ದಾರೆ. ಇಷ್ಟು ತಿಂದೂ ಮೈಗೆ ಹತ್ತುತ್ತಿಲ್ಲ ಅಂದ್ರೆ ಕಾಯಿಲೆ ಒಳಗೆ ಹರಡಿರಬಹುದು. ಲಿವರ್‌ಗೆ ಹೋಗಿದ್ರೆ ಆ ಕರೆಂಟು ಕೊಡಿಸಿ ಪ್ರಯೋಜನ ಇಲ್ಲ. ಸುಮ್ಮನೆ ಹಿಂಸೆ. ಗುರುವಾರ ಬಾ, ರಿಪೋರ್ಟ್ ನೋಡಿ ಪತ್ರ ಬರೀಬೇಕೋ ಬೇಡ್ವೋ ತೀರ್ಮಾನ ಮಾಡೋಣ."

ನಾನು ಬಾಯಿ ತೆರೆದೆ. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು, ಅಮ್ಮನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ನಾನು ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿದೆ.

ವಾಪಸು ಬರುವಾಗ ಬಸ್ಸು ಬಿಕರ್ನಕಟ್ಟೆ ದಾಟುತ್ತಿದ್ದಂತೆ ದೊಡ್ಡಮ್ಮ ಯಾವಾಗಿನ ಹಾಗೆ ಕಿಟಕಿಯಿಂದ ಬಾಲಯೇಸುವಿನ ಇಗರ್ಜಿಗೆ ಕೈಮುಗಿದರು. ಕುಟುಂಬದ ದೈವಕ್ಕೆ ಮೊದಲೇ ಹರಕೆ ಹೇಳಿಕೊಂಡಾಗಿತ್ತು. ಆ ಸಲ ಕೈ ತುಂಬ ಹೊತ್ತು ಕೆಳಗಿಳಿಯಲಿಲ್ಲ.

"ಹೊರಗೆ ಕರ್ಕೊಂಡು ಹೋಗಿ ಎಂತ ಹೇಳಿದ್ರು?" ಅಮ್ಮ ನನ್ನನ್ನು ಕೇಳಿದಳು.

"ಟಾನಿಕ್ ಬದಲಿಸ್ತಾರಂತೆ."

"ನಿನ್ನ ಮುಖ ನೋಡಿದ್ರೆ ಟಾನಿಕ್ ನಿನಗೆ ಬೇಕು."

ಮನೆಗೆ ಬಂದು ಅವಳು ಕಪಾಟು ತೆರೆದು ಸೀರೆಗಳನ್ನು ಮಂಚದ ಮೇಲೆ ಹರಡಿದಳು. ಇದು ನಿನಗೆ, ಇದು ಅಕ್ಕನಿಗೆ, ಇದು ಹಿಂದಿನ ಮನೆಯವಳಿಗೆ, ಪಾಪ, ಚಾ ಪೂರ್ತಿ ಕುಡಿಯಲಿಲ್ಲ. ನಗುತ್ತಲೇ ಹಂಚುತ್ತಿದ್ದಳು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಮೇಲಿನ ಹಲಗೆಯ ಮದುವೆ ಸೀರೆ ತೆಗೆದುಕೊಡು ಎಂದು ನನ್ನನ್ನು ಕರೆದಳು. ತೆಗೆದುಕೊಟ್ಟೆ. ಅದನ್ನು ಮೂಗಿಗೆ ಹಿಡಿದು, "ಇದು ಮಾತ್ರ ಯಾರಿಗೂ ಇಲ್ಲ. ಇದನ್ನು ನನಗೇ ಉಡಿಸಿ," ಎಂದಳು. ಎಲ್ಲಿಗೆ ಹೋಗುವಾಗ ಎಂದು ನಾನು ಕೇಳಲಿಲ್ಲ.

ಮರುದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್. ಕಪ್ಪೆ. ಹೊಟ್ಟೆ ಬಿಡಿಸಿದರೆ ಎದುರಿಗೇ ಲಿವರ್, ಕಂದು ಬಣ್ಣದ್ದು, ಹೊಳೆಯುತ್ತಿತ್ತು. ಮೇಡಂ ಹತ್ತಿರ ವಾಂತಿ ಬರುತ್ತದೆ ಎಂದು ಹೇಳಿ ಹೊರಗೆ ಬಂದೆ, ಎದುರಿಗೆ ಸಿಕ್ಕಿದ ಕಂಕನಾಡಿ ಬಸ್ಸು ಹತ್ತಿದೆ. ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು. ಡಾಕ್ಟರ ಕೋಣೆಯ ಹೊರಗೆ ಒಂದೂವರೆ ಗಂಟೆ ಕಾದು ಒಳಗೆ ಹೋಗಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ.

"ಇದು ಎಲ್ಲ ಸುಳ್ಳು ಡಾಕ್ಟ್ರೇ."

ಅವರು ಕನ್ನಡಕ ಸರಿಮಾಡಿಕೊಂಡು ಒಂದು ಪುಟ ತೆರೆದರು.

"ಈ ಮೊಟ್ಟೆ?"

"ಸುಳ್ಳು."

"ಅಂಜಲ್?"

"ಸುಳ್ಳು."

"ಕೋಳಿಸಾರು ಜಾಸ್ತಿಯಾಗಿ ಹೊಟ್ಟೆ ಭಾರ ಅಂತ ಬರೆದಿದ್ದೀಯಲ್ಲ?"

"ಅದೂ."

"ಹಾಲು?"

"ಅದು ಸ್ವಲ್ಪ ನಿಜ ಡಾಕ್ಟ್ರೇ. ಚಾ ಕುಡೀತಾರೆ."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ನಾನು ಪತ್ರ ಬರೆಯೋದು ಬೇಡ ಅಂತ ಹೆಚ್ಚುಕಮ್ಮಿ ತೀರ್ಮಾನ ಮಾಡಿಬಿಟ್ಟಿದ್ದೆ. ಗೊತ್ತಾ ನಿಂಗೆ?" ಎಂದರು. ನಾನು ಅಳತೊಡಗಿದೆ. "ಅಳು ಆಮೇಲೆ. ಅವರು ನಿಜವಾಗ್ಲೂ ಏನು ತಿಂದ್ರು, ಅದನ್ನ ಹೇಳು." ಹೇಳಿದೆ. ಗಂಜಿ, ತಿಮರೆ, ಸೋರೆಕಾಯಿ. ನಂಜಿನ ಕತೆಯನ್ನೂ ಹೇಳಿದೆ. ಅವರು ಕೊನೆಗೆ, "ಇದರಲ್ಲಿ ನಾನಾದ್ರೂ ನಲವತ್ತಕ್ಕೆ ಇಳೀತಿದ್ದೆ," ಎಂದು ಇಪ್ಪತ್ತು ದಿನ ಕೊಟ್ಟರು. ತಿಂದು ತೂಕ ಏರಿದರೆ ಪತ್ರ. ತಿಂದೂ ಏರದಿದ್ದರೆ ಅವರ ಸಂಶಯ ಸಂಶಯವಾಗಿ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚು ಕಾಯುವ ಹಾಗಿಲ್ಲ.

ಮನೆಗೆ ಬಂದು ದೊಡ್ಡಮ್ಮನಿಗೂ ಅಮ್ಮನಿಗೂ ಒಟ್ಟಿಗೇ ಹೇಳಿದೆ. ಲಿವರಿನ ಮಾತನ್ನೂ ಸೇರಿಸಿ, ಒಂದೂ ಬಿಡದೆ. ದೊಡ್ಡಮ್ಮ ಎದ್ದು ನಿಂತರು.

"ಹುಟ್ಟಿದಂದಿನಿಂದ ಬೇಳೆಸಾರು ಕುಡಿದವ ಅವ. ಬಂಗುಡೆಯ ನಂಜು ಅವನಿಗೆ ಎಂತ ಗೊತ್ತು?"

"ದೊಡ್ಡಮ್ಮ, ನಲವತ್ತು ಕಿಲೋ."

"ನಲವತ್ತು ಕಿಲೋ ಆದ್ರೂ ಜೀವ ಉಂಟಲ್ಲ! ನಿನ್ನ ದೊಡ್ಡಪ್ಪನಿಗೆ ಎಪ್ಪತ್ತು ಕಿಲೋ ಇತ್ತು. ಎಂತ ಆಯ್ತು?"

ದೊಡ್ಡಪ್ಪ ಎಪ್ಪತ್ತರ ದಶಕದ ಶುರುವಿನಲ್ಲಿ, ನಾನು ಚಿಕ್ಕವಳಿದ್ದಾಗ ತೀರಿಹೋದವರು. ಗದ್ದೆಯಲ್ಲಿ ಕಾಲಿಗೆ ಗುದ್ದಲಿ ತಾಗಿ ಗಾಯವಾಗಿತ್ತು. ಗಾಯ ಅರ್ಧ ಒಣಗಿದಾಗ ಅವರೇ ಆಸೆಪಟ್ಟು ಕೇಳಿದರೆಂದು ದೊಡ್ಡಮ್ಮ ಬಂಗುಡೆ ಪುಳಿಮುಂಚಿ ಮಾಡಿ ಬಡಿಸಿದ್ದರು. ಆಮೇಲೆ ಗಾಯ ಕೊಳೆಯಿತು, ಕಾಲು ಕಪ್ಪಾಯಿತು, ತಿಂಗಳೊಳಗೆ ಹೋದರು. ಅದು ನನಗೆ ಗೊತ್ತಿದ್ದ ಕತೆಯೇ. ಅದಕ್ಕೂ ನಮ್ಮ ಮನೆಯ ಗಂಜಿಗೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಪುಸ್ತಕದ ಹುಳ ನಾನು.

"ಅಕ್ಕ," ಎಂದಳು ಅಮ್ಮ. ನನಗೆ ಗೊತ್ತಿದ್ದ ಹಾಗೆ ಅಷ್ಟು ಮೆಲ್ಲ ಅವಳು ಯಾವತ್ತೂ ಮಾತಾಡಿದವಳಲ್ಲ. "ಭಾವನಿಗೆ ಇದ್ದದ್ದು ಸಕ್ಕರೆ ಕಾಯಿಲೆ. ಆಗ ಯಾರಿಗೆ ಗೊತ್ತಿತ್ತು? ಮೂತ್ರ ಮಾಡಿದಲ್ಲಿ ಇರುವೆ ಬರ್ತದೆ ಅಂತ ನಾವೇ ತಮಾಷೆ ಮಾಡ್ತಿದ್ದೆವಲ್ಲ. ನೀನು ಬಡಿಸಿದ ಎರಡು ಬಂಗುಡೆ ಅಲ್ಲ."

"ನೀನು ಡಾಕ್ಟ್ರಾ?"

"ಅಲ್ಲ. ಆದ್ರೆ ನಾನು ಸತ್ರೆ ಗಂಜಿಯಲ್ಲಿ ಸಾಯುದು ನನಗೆ ಬೇಡ. ಮರ್ಯಾದೆ ಉಂಟು ನನಗೆ."

ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ರಸ್ತೆಯಲ್ಲಿ ಮೀನಿನ ಹೆಂಗಸಿನ ಕೂಗು ಕೇಳಿದಾಗ ಅಮ್ಮ ತಾನೇ ಗೇಟಿಗೆ ಹೋದಳು. ಆ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು:

"ಎಂತ ಅಕ್ಕೆರೆ, ಇಷ್ಟು ದಿನ ನನ್ನನ್ನು ನಾಯಿಯ ಹಾಗೆ ಓಡಿಸಿದ್ರಲ್ಲ! ಎಲ್ಲಿ, ಮುಖ ತೋರಿಸಿ. ಅಯ್ಯೋ, ಎಂತ ಇದು, ಒಣಗಿಸಿದ ನಂಗು ಮೀನಿನ ಹಾಗೆ ಆಗಿದ್ದೀರಿ!"

"ಒಣಮೀನಿಗೂ ರೇಟು ಉಂಟು ಮಾರಾಯ್ತಿ. ನಾಲ್ಕು ಬಂಗುಡೆ ಕೊಡು, ಕಿವಿ ಕೆಂಪು ಇದ್ದದ್ದು."

ಮೀನು ಅಡುಗೆಮನೆಗೆ ಬಂತು. ದೊಡ್ಡಮ್ಮ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಅಮ್ಮನ ಕೈಯಲ್ಲಿ ಕೊಯ್ಯಲಾಗದು, ನಾನೇ ಮೆಟ್ಟುಕತ್ತಿಯ ಮೇಲೆ ಕೂತೆ. ಕಪ್ಪೆ ಕೊಯ್ದ ಕೈಗೆ ಬಂಗುಡೆ ಏನು ಕಷ್ಟ ಎಂದು ಧೈರ್ಯ. ಮೊದಲ ಮೀನಿನ ಹೊಟ್ಟೆ ಒಡೆದು ಪಿತ್ತ ಹರಿಯಿತು. ಎರಡನೆಯದರ ತಲೆಯ ಜೊತೆಗೆ ಅರ್ಧ ಮಾಂಸ ಹೋಯಿತು. ಮೂರನೆಯದಕ್ಕೆ ಕೈಹಾಕುವಾಗ ಹಿಂದಿನಿಂದ ದೊಡ್ಡಮ್ಮನ ದನಿ:

"ಏಳು. ಏಳು ಅಲ್ಲಿಂದ. ಮೀನಿಗೆ ಹೀಗೆ ಮಾಡಿದ್ರೆ ನಿನ್ನನ್ನು ಯಾರು ಮದುವೆ ಆಗ್ತಾರೆ? ಸತ್ತದ್ದನ್ನು ಪುನಃ ಕೊಲ್ತಿದ್ದಿ."

ನನ್ನನ್ನು ತಳ್ಳಿ ತಾವೇ ಕೂತರು. ಕೊಯ್ದರು, ತೊಳೆದರು, ಮೆಣಸು ಹುಳಿ ಅರೆದರು. ಹದಿಮೂರು ಹದಿನಾಲ್ಕು ವರ್ಷ ಆ ಕೈ ಪುಳಿಮುಂಚಿ ಮಾಡಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಮನೆಯಲ್ಲಿ ಮೀನು ಎಂದರೆ ಅಮ್ಮನದೇ ಕೆಲಸವಾಗಿತ್ತು. ಬಡಿಸುವಾಗ ದೊಡ್ಡಮ್ಮನ ಸೌಟು ಬಟ್ಟಲಿನ ಅಂಚಿಗೆ ಕಟಕಟ ಬಡಿಯುತ್ತಿತ್ತು. ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಎಂತ? ಎಂತ ಆಗ್ತಾ ಉಂಟು?" ದೊಡ್ಡಮ್ಮ ಗಾಬರಿಯಿಂದ ಕೇಳಿದರು.

"ಖಾರ ಕಮ್ಮಿ."

ಅಂದಿನಿಂದ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ದೊಡ್ಡಮ್ಮ ಅಮ್ಮನ ರವಕೆ ಬಿಚ್ಚಿಸಿ ಗಾಯದ ಗೆರೆಯನ್ನು ತುದಿಯಿಂದ ತುದಿಗೆ ನೋಡುತ್ತಿದ್ದರು, ಒತ್ತುತ್ತಿದ್ದರು, ಬಗ್ಗಿ ಮೂಸುತ್ತಿದ್ದರು. ಅಮ್ಮ ಎರಡು ದಿನ ತಾಳಿದಳು. ಮೂರನೇ ದಿನ, "ಕಿವಿ ಕೆಂಪು ಉಂಟಾ ಅಂತಲೂ ನೋಡು, ತಾಜಾ ಇದ್ರೆ ತಗೋ," ಎಂದಳು. ದೊಡ್ಡಮ್ಮ ಬೆನ್ನಿಗೊಂದು ಗುದ್ದಿದರು. ಮೆಲ್ಲ, ಬಲಗಡೆಗೆ.

ಗಾಯ ಕೊಳೆಯಲಿಲ್ಲ. ಒಂದು ವಾರದ ಮೇಲೆ ಮೊಟ್ಟೆಗೂ ಪರವಾನಗಿ ಸಿಕ್ಕಿತು, ಆದರೆ ದಿನಕ್ಕೆ ಒಂದು. ಎರಡನೆಯದನ್ನು ಅಮ್ಮ ನನ್ನ ತಟ್ಟೆಯಿಂದ ಕದಿಯುತ್ತಿದ್ದಳು. ಆದರೂ ನನಗೆ ನೆಮ್ಮದಿ ಇರಲಿಲ್ಲ. ಮೊದಲು ಅವಳು ತಿನ್ನುತ್ತಿರಲಿಲ್ಲ, ಹಾಗಾಗಿ ತೂಕ ಇಳಿದದ್ದಕ್ಕೆ ಒಂದು ಕಾರಣವಿತ್ತು. ಈಗ ತಿನ್ನುತ್ತಿದ್ದಾಳೆ. ಈಗಲೂ ಮುಳ್ಳು ನಲವತ್ತರಲ್ಲೇ ನಿಂತರೆ ನೆಪ ಹೇಳಲು ಏನೂ ಉಳಿಯುವುದಿಲ್ಲ.

ಇಪ್ಪತ್ತನೇ ದಿನ ಅಮ್ಮ ಮನೆಯಿಂದ ಹೊರಡುವಾಗ ಒಂದು, ಕಂಕನಾಡಿ ಮಾರ್ಕೆಟ್ಟಿನ ಹತ್ತಿರ ಎರಡು, ಒಟ್ಟು ಮೂರು ಬೊಂಡ, ಅಂದರೆ ಎಳನೀರು, ಕುಡಿದಳು. ಆಸ್ಪತ್ರೆಯ ಬೆಂಚಿನಲ್ಲಿ ಕಾಲು ಹೆಣೆದುಕೊಂಡು ಕೂತಳು. ಟಾಯ್ಲೆಟ್ಟಿಗೆ ಹೋಗಿ ಬಾ ಎಂದೆ.

"ತೂಕ ಆದ ಮೇಲೆ."

"ಅಮ್ಮ!"

"ಅದನ್ನೂ ನಾನೇ ಹೊತ್ತುಕೊಂಡು ಬಂದದ್ದಲ್ವಾ? ನನ್ನದೇ ತೂಕ."

ಮುಳ್ಳು ನಲವತ್ತಮೂರು ದಾಟಿತು. ಡಾಕ್ಟರು ನನ್ನ ಕಡೆ ನೋಡಿದರು. "ಅದರಲ್ಲಿ ಒಂದು ಕಿಲೋ ಬೊಂಡದ ನೀರು ಡಾಕ್ಟ್ರೇ," ಎಂದೆ. ಅಮ್ಮ ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ಡಾಕ್ಟರು ರಕ್ತದ ರಿಪೋರ್ಟ್ ನೋಡಿದರು, ಹೊಟ್ಟೆ ಒತ್ತಿದರು. ಪಾಪ, ಅಮ್ಮನ ಸ್ಥಿತಿ ಆ ಒತ್ತುವಿಕೆಗೆ ತಕ್ಕದ್ದಾಗಿರಲಿಲ್ಲ. "ಆ ಒಂದು ಕಿಲೋ ಬಿಟ್ಟರೂ ಎರಡಕ್ಕಿಂತ ಹೆಚ್ಚು ಏರಿದೆ," ಎಂದು ಲೆಟರ್‌ಹೆಡ್ ಎಳೆದುಕೊಂಡರು. ಪತ್ರದಲ್ಲಿ ಮೊದಲ ಸಾಲು ಬೀಳುವ ಮೊದಲೇ ಅಮ್ಮ ಬಾಗಿಲು ದಾಟಿ ಓಡಿದ್ದಳು.

ಹೊರಗಿನ ಬೆಂಚಿನಲ್ಲಿ ದೊಡ್ಡಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. ಇಂಗ್ಲಿಷ್.

"ಎಂತ ಬರೆದಿದ್ದಾನೆ? ಓದು. ನಿನ್ನ ಕತೆ ಸೇರಿಸ್ಬೇಡ."

ಓದಿದೆ. ಯಾವ ಕಾಯಿಲೆ, ಕಂಕುಳಿನ ಎಷ್ಟು ಗಂಟುಗಳಲ್ಲಿ ಸಿಕ್ಕಿತು, ಏನು ತೆಗೆದರು, ರಕ್ತ ಎಷ್ಟು. ಲಿವರಿಗೆ ಹೋದ ಲಕ್ಷಣ ಸದ್ಯಕ್ಕೆ ಕಾಣುವುದಿಲ್ಲ. ಕೊನೆಯಲ್ಲಿ, ಮುಂದೆ ಹೇಗಾಗಬಹುದು ಎಂದು ಈಗಲೇ ಹೇಳಲಾಗದು, ಆದರೆ ಚಿಕಿತ್ಸೆ ತಡವಿಲ್ಲದೆ ಶುರುವಾಗಬೇಕು. ಒಂದೊಂದೇ ಸಾಲನ್ನು ತುಳುವಿಗೆ ತಿರುಗಿಸಿ ಹೇಳಿದೆ. 'ಈಗಲೇ ಹೇಳಲಾಗದು' ಎಂಬಲ್ಲಿ ನಾಲಗೆ ಒಮ್ಮೆ ತಡೆಯಿತು, ಆದರೂ ಹೇಳಿದೆ. ದೊಡ್ಡಮ್ಮ ಮುಖ ಆಚೆ ತಿರುಗಿಸಿದರು.

ಅಷ್ಟರಲ್ಲಿ ಅಮ್ಮ ಬಂದು ನಮ್ಮಿಬ್ಬರ ಎದುರಿಗೆ ನಿಂತಿದ್ದಳು.

"ನನಗೂ ಓದು."

ಪುನಃ ಮೊದಲಿನಿಂದ ಓದಿದೆ. ಅವಳು ಸೊಂಟದ ಮೇಲೆ ಬಲಗೈ ಇಟ್ಟುಕೊಂಡು ಪೂರ್ತಿ ಕೇಳಿದಳು, ನಡುವೆ ಒಂದೂ ತಮಾಷೆ ಮಾಡಲಿಲ್ಲ. ಮುಗಿದ ಮೇಲೆ ಪತ್ರ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ರವಕೆಯ ಎಡಗಡೆಗೆ ಸಿಕ್ಕಿಸಿಕೊಂಡಳು.

"ಹ್ಞಾ, ಇಲ್ಲಿ ಈಗ ಬೇಕಾದಷ್ಟು ಜಾಗ ಉಂಟು," ಎಂದಳು. "ನಾಡಿದ್ದಿನ ಬಸ್ಸಿಗೆ ಹೊರಡುವ. ಅಕ್ಕ, ನೀನು ನನ್ನ ಜೊತೆ ಬಾ. ಇವಳಿಗೆ ಪರೀಕ್ಷೆ ಉಂಟು."